ಪೆಂಟಿಯಮ್ ಎಂ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು

ಸರ್, ಸ್ವಲ್ಪ ತಡೆಯಿರಿ. ನಿಮ್ಮ ಥಿಂಕ್‌ಪ್ಯಾಡ್ ಟಿ42 ಲ್ಯಾಪ್‌ಟಾಪ್‌ಗೆ ಡೆಬಿಯನ್ 12 (ಲಿನಕ್ಸ್‌ನ ಒಂದು ಆವೃತ್ತಿ) ಹಾಕಲು ಹೋದರೆ "ಸಿಪಿಯುನಲ್ಲಿ ಪಿಎಇ ಇಲ್ಲ" ಅಂತ ನಿಂತುಬಿಟ್ಟಿತು, ಇನ್ನು ಗುಜರಿಗೇ ಅಂತ ಬರೆದಿದ್ದೀರಿ. ಪಿಎಇ ಅಂದರೆ 32 ಬಿಟ್ ಪ್ರೊಸೆಸರ್ 4 ಜಿಬಿಗಿಂತ ಹೆಚ್ಚು ರಾಮ್ ಬಳಸಲು ಇರುವ ಸೌಲಭ್ಯ. ಈ ಒಂದು ಸಾಲು ನೋಡಿ ಎಷ್ಟೋ ಜನ ಒಳ್ಳೆ ಮಷಿನ್ ಕೈಬಿಟ್ಟಿದ್ದಾರೆ. ಟಿ42ರಲ್ಲಿರುವ ಪೆಂಟಿಯಮ್ ಎಂ ಪ್ರೊಸೆಸರ್‌ನಲ್ಲಿ ಪಿಎಇ ಇದೆ. ಇದೆ ಅಂತ ಅದು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಬೂಟ್ ಮೆನುವಿನಲ್ಲಿ ಟ್ಯಾಬ್ ಒತ್ತಿ (ಗ್ರಬ್ ಎಂಬ ಬೂಟ್ ಲೋಡರ್ ಆದರೆ ಇ ಕೀ), ಕರ್ನಲ್ (ಲಿನಕ್ಸ್‌ನ ತಿರುಳು) ಸಾಲಿನ ಕೊನೆಗೆ ಫೋರ್ಸ್‌ಪಿಎಇ (forcepae) ಸೇರಿಸಿ. ಸಣ್ಣಕ್ಷರ, ಒಂದೇ ಪದ. ಇನ್‌ಸ್ಟಾಲ್ ಆದ ಮೇಲೆ ಗ್ರಬ್ ಕಾನ್ಫಿಗ್‌ನಲ್ಲೂ ಹಾಕಿ ಅಪ್‌ಡೇಟ್ ಮಾಡಿ. ಇಲ್ಲದಿದ್ದರೆ ರೀಬೂಟ್ ಮಾಡಿದಾಗ ಮತ್ತೆ ಅದೇ ಗೋಳು. ಇದು ಪೆಂಟಿಯಮ್ ಎಂಗೆ ಮಾತ್ರ, ನಿಜವಾಗಿ ಪಿಎಇ ಇಲ್ಲದ ಚಿಪ್‌ಗೆ ಕೊಡಬೇಡಿ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಆಂಟಿಎಕ್ಸ್ 23 ಎಂಬ ಹಗುರ ಲಿನಕ್ಸ್‌ನ 32 ಬಿಟ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ತಗೊಳ್ಳಿ. ಅದರ ಕರ್ನಲ್‌ಗೆ ಪಿಎಇ ಬೇಡವೇ ಬೇಡ, ಐಸ್‌ಡಬ್ಲ್ಯೂಎಂ ಎಂಬ ಹಗುರ ವಿಂಡೋ ಮ್ಯಾನೇಜರ್ ಜೊತೆಗೇ ಬರುತ್ತೆ. ನನ್ನ ಆಯ್ಕೆ ಯಾವತ್ತೂ ಅದೇ. ಲುಬುಂಟು (ಇನ್ನೊಂದು ಹಗುರ ಲಿನಕ್ಸ್) ಹಾಕಿ ಅಂತ ಕೆಳಗೆ ಕಾಮೆಂಟ್‌ನಲ್ಲಿ ಹೇಳಿದವರೇ, 18.10ರ ಆಚೆಗೆ ಅದರಲ್ಲಿ 32 ಬಿಟ್ ಇಲ್ಲ. ನೋಡಿಕೊಂಡು ಸಲಹೆ ಕೊಡಿ! ಡೆಬಿಯನ್ 13ರಲ್ಲೂ 32 ಬಿಟ್ ಇನ್‌ಸ್ಟಾಲರ್, ಕರ್ನಲ್ ಎರಡೂ ಇಲ್ಲ.

ಈಗ ಮುಖ್ಯ ವಿಷಯ, ನಿಮ್ಮ ಲ್ಯಾಪ್‌ಟಾಪ್‌ನ 512 ಎಂಬಿ ರಾಮ್. ಹಳೆ ಐಡಿಇ ಹಾರ್ಡ್ ಡಿಸ್ಕ್ ಮೇಲೆ ಸ್ವಾಪ್ (ರಾಮ್ ಸಾಲದಾಗ ಡಿಸ್ಕನ್ನೇ ರಾಮ್‌ನಂತೆ ಬಳಸುವುದು) ಶುರುವಾದರೆ ಡಿಸ್ಕ್ ಲೈಟ್ ಆರುವುದೇ ಇಲ್ಲ, ಮೌಸ್ ಕೂಡ ಅಲ್ಲಾಡುವುದಿಲ್ಲ. ಝಡ್‌ರಾಮ್ (ರಾಮ್‌ನೊಳಗೇ ಕುಗ್ಗಿಸಿದ ಸ್ವಾಪ್) ಮಾಡಿ. ಮಾಡ್ಯೂಲ್ ಲೋಡ್ ಮಾಡಿ, ಸೈಜ್ 256 ಎಂಬಿ ಕೊಡಿ, ಮೇಕ್‌ಸ್ವಾಪ್ ಮಾಡಿ, ಸ್ವಾಪ್‌ಆನ್‌ನಲ್ಲಿ ಪ್ರಯಾರಿಟಿ 100 ಇಡಿ. ಆಗ ಡೇಟಾವನ್ನು ರಾಮ್‌ನಲ್ಲೇ ಕುಗ್ಗಿಸಿ ಇಡುತ್ತೆ, ಡಿಸ್ಕ್‌ಗೆ ಹೋಗುವುದು ಕೊನೆಗೆ. ಡಿಸ್ಕ್ ಸ್ವಾಪ್ ತೆಗೆಯಬೇಡಿ, ಕಡಿಮೆ ಪ್ರಯಾರಿಟಿಯಲ್ಲಿ ಇರಲಿ. 256ಕ್ಕಿಂತ ಜಾಸ್ತಿ ಕೊಟ್ಟರೆ ಪ್ರೊಸೆಸರ್ ಕುಗ್ಗಿಸುವುದರಲ್ಲೇ ಸುಸ್ತಾಗುತ್ತೆ. ಟಿ42 2 ಜಿಬಿವರೆಗೆ ರಾಮ್ ತಗೊಳ್ಳುತ್ತೆ, ಅದಕ್ಕೆ ಹೊಂದುವ ಹಳೆ ಡಿಡಿಆರ್ ರಾಮ್ ಸಿಕ್ಕರೆ ಮೊದಲು ಅದನ್ನೇ ಹಾಕಿ.

ಬ್ರೌಸರ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಬಿಟ್ಟಿತು, ಫೈರ್‌ಫಾಕ್ಸ್ 144ರ ನಂತರ ಬಿಟ್ಟಿತು. ಓದಲು ಡಿಲ್ಲೋ ಅಥವಾ ನೆಟ್‌ಸರ್ಫ್ ಎಂಬ ಹಗುರ ಬ್ರೌಸರ್, ವಿಡಿಯೊಗೆ ಎಂಪಿವಿ ಪ್ಲೇಯರ್‌ನಲ್ಲಿ 360ಪಿ. ಬ್ಯಾಂಕ್ ಕೆಲಸ ಫೋನ್‌ನಲ್ಲೇ ಮಾಡಿಕೊಳ್ಳಿ.

ಹಾಗೇ ಬಯಾಸ್‌ನಲ್ಲಿ ದಿನಾಂಕ ನೋಡಿ. ಸಿಮಾಸ್ ಸೆಲ್ (ಗಡಿಯಾರ ನಡೆಸುವ ಸಣ್ಣ ಬ್ಯಾಟರಿ) ಸತ್ತಿದ್ದರೆ ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತೆ, ಯಾವ ಎಚ್‌ಟಿಟಿಪಿಎಸ್ ಸೈಟೂ ತೆರೆಯುವುದಿಲ್ಲ. ಜನ ಸುಮ್ನೆ ವೈಫೈ ಡ್ರೈವರ್ ಹುಡುಕುತ್ತಾ ಕೂರುತ್ತಾರೆ. ಬೂಟ್ ಆದಮೇಲೆ ಫ್ರೀ (free) ಕಮಾಂಡ್ ರಾಮ್ ಎಷ್ಟು ಬಳಕೆಯಲ್ಲಿದೆ ಅಂತ ಏನು ತೋರಿಸುತ್ತೆ ಅಂತ ಇಲ್ಲೇ ಹಾಕಿ, ಯಾವ ಸರ್ವಿಸ್ ನಿಲ್ಲಿಸಬಹುದು ಅಂತ ನೋಡೋಣ.