ಬದಿಯಡ್ಕದಿಂದ ಮಂಗಳೂರಿಗೆ ಹಲಸಿನ ಚಿಪ್ಸ್

ಫೋನು, ಕಂಪ್ಯೂಟರು ಬಲ್ಲ ಯುವಜನರು ಇಷ್ಟೊಂದು ಇರುವಾಗ ಕಾಸರಗೋಡಿನ ಕನ್ನಡ ಹಳ್ಳಿಗಳಲ್ಲಿ ಸ್ವಂತ ಉದ್ಯಮ ತೆರೆಯಲು ಏನು ಅಡ್ಡಿ ಎಂದು ಕೇಳಿದ್ದೀರಿ. ಬದಿಯಡ್ಕದ ಕಡೆಯ ಯುವತಿಯೊಬ್ಬಳು ಹಲಸಿನ ಚಿಪ್ಸ್ ಮಾಡಿ ಮಾರಲು ಹೊರಟಳು ಎಂದುಕೊಳ್ಳಿ.

ಆನ್‌ಲೈನ್ ಅರ್ಜಿ ಅವಳಿಗೆ ಹೊಸತಲ್ಲ. ಸರಕಾರಿ ಸೇವೆಗಳನ್ನು ಆನ್‌ಲೈನ್‌ನಲ್ಲಿ ಒದಗಿಸುವ, 2002ರಲ್ಲಿ ಕೇರಳದ ಮಲಪ್ಪುರದಲ್ಲಿ ಆರಂಭವಾದ ಅಕ್ಷಯ ಕೇಂದ್ರಗಳು ಈಗ ನಮ್ಮ ಪೇಟೆಗಳಲ್ಲೂ ಇವೆ. ಸಣ್ಣ ಉದ್ಯಮಗಳಿಗೆಂದು ಕೇರಳ ತಂದ 2019ರ ಕಾಯ್ದೆಯಂತೆ ಒಂದು ಸ್ವೀಕೃತಿ ಪತ್ರ ಪಡೆದರೆ, ರಾಜ್ಯದ ಹಲವು ಪರವಾನಗಿಗಳಿಗಾಗಿ ಕಾದು ಕೂರದೆ ಮೂರು ವರ್ಷ ಸಣ್ಣ ಉದ್ಯಮ ನಡೆಸಬಹುದು. ಕನ್ನಡದಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು 1969ರ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಕೊಟ್ಟಿದೆ, ಆದರೆ ಕಾಗದದ ಅರ್ಜಿಯಲ್ಲಿ ಬಳಸಬಹುದಾದ ಆ ಹಕ್ಕು ಪರದೆಯ ಮೇಲೆ ಎಷ್ಟೋ ಸಲ ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಯೂಟ್ಯೂಬ್ ನೋಡಿ ತನಗೆ ಬೇಕಾದ ಯಂತ್ರವನ್ನು ತಾನೇ ಆರಿಸಿಕೊಂಡವಳು ಅರ್ಜಿ ಓದಿಸಲು ಇನ್ನೊಬ್ಬರನ್ನು ಕಾಯುವುದು ನನಗೆ ನೋವಿನ ಸಂಗತಿ.

ಮುಂದಿನದು ಸಾಲ, ಸಾಲಕ್ಕೆ ಜಾಗದ ದಾಖಲೆ ಬೇಕು. ನಮ್ಮ ಭೂಮಿಯ ಲೆಕ್ಕ ನೋಂದಣಿ, ಕಂದಾಯ, ಸರ್ವೆ ಎಂಬ ಮೂರು ಇಲಾಖೆಗಳಲ್ಲಿ ಹಂಚಿಹೋಗಿದ್ದುದರಿಂದ ಕ್ರಯಪತ್ರದಲ್ಲಿ ಒಂದು ಅಳತೆ, ನಕ್ಷೆಯಲ್ಲಿ ಇನ್ನೊಂದು ಇರುತ್ತಿತ್ತು. ನಮ್ಮದೇ ಅಡಿಕೆ ತೋಟದ ಕೆಲವು ಸೆಂಟ್ಸ್ ವ್ಯತ್ಯಾಸ ಸರಿಪಡಿಸಲು ತಂದೆಯವರು ಎರಡು ಮಳೆಗಾಲ ಅಲೆದರು. ಎಷ್ಟು ಕಂಪ್ಯೂಟರ್ ಕಲಿತಿದ್ದರೂ ಆ ಅಲೆದಾಟ ತಪ್ಪುತ್ತಿರಲಿಲ್ಲ. ಮೂರೂ ಇಲಾಖೆಗಳನ್ನು ಕೂಡಿಸುವ ‘ಎನ್ಟೆ ಭೂಮಿ’ (ನನ್ನ ಭೂಮಿ) ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಆರಂಭವಾದಾಗ ಅದನ್ನು ಮೊದಲು ಜಾರಿಗೆ ತಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರಿನಲ್ಲಿ. ಡಿಜಿಟಲ್ ಸರ್ವೆಯಲ್ಲಿ ಹೊಸದಾಗಿ ಅಳೆದು, ನೋಂದಣಿಗೆ ಮೊದಲೇ ನಕ್ಷೆ ಕೊಡುವ ಈ ಕ್ರಮವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಚಿಪ್ಸ್ ಸಿದ್ಧವಾಯಿತು ಎನ್ನಿ. ನಮಗೆ ಹತ್ತಿರದ ದೊಡ್ಡ ಪೇಟೆ, ಸುಮಾರು 50 ಕಿ.ಮೀ. ದೂರದ ಮಂಗಳೂರು, ತಿರುವನಂತಪುರ 500 ಕಿ.ಮೀ.ಗೂ ಆಚೆ. ವಹಿವಾಟು ಮಿತಿಯೊಳಗಿದ್ದರೆ ತಿರುವನಂತಪುರಕ್ಕೆ ಜಿಎಸ್‌ಟಿ ನೋಂದಣಿ ಇಲ್ಲದೆಯೇ ಮಾರಬಹುದು. ರಾಜ್ಯದ ಗಡಿಯಾದ ತಲಪಾಡಿ ದಾಟಿಸಿ ಮಂಗಳೂರಿನ ಅಂಗಡಿಗೆ ಕೊಡಬೇಕಾದರೆ ಅದು ಅಂತಾರಾಜ್ಯ ವ್ಯಾಪಾರವಾಗಿ, ಮೊದಲ ಪೊಟ್ಟಣಕ್ಕೇ ನೋಂದಣಿ ಕಡ್ಡಾಯ. ಅಜ್ಜನ ಕಾಲದಿಂದ ಮದುವೆಯ ಜವಳಿಗೂ ಆಸ್ಪತ್ರೆಗೂ ಹೋಗುತ್ತಿರುವ ಊರು ಲೆಕ್ಕಪತ್ರದಲ್ಲಿ ಹೀಗೆ ಪರಸ್ಥಳವಾಗುತ್ತದೆ.

ಅಡಿಕೆಯನ್ನು ಈ ಗಡಿ ದಾಟಿಸಿದ್ದು 1973ರಲ್ಲಿ ಹುಟ್ಟಿದ, ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ. ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ಆಗ ಯಾರ ಕೈಯಲ್ಲೂ ಕಂಪ್ಯೂಟರ್ ಇರಲಿಲ್ಲ. ಆದರೂ ಅಡಿಕೆ ತಂದವನಿಗೆ ತೂಕದ ಮೇಲೂ ಚೀಟಿಯಲ್ಲಿ ಬರೆದ ಬೆಲೆಯ ಮೇಲೂ ನಂಬಿಕೆ ಇತ್ತು.