ಗೋವೆಯಲ್ಲಿ ನಿಲ್ಲದ ಪೋರ್ಚುಗೀಸ್ ಬ್ರೆಜಿಲ್‌ನಲ್ಲಿ ಬೇರೂರಿದ್ದು ಹೇಗೆ?

ಪ್ರಶ್ನೆ: ನಮ್ಮ ಮನೆಯ ಕನ್ನಡದ ‘ಅಲಮಾರು’, ನೆರೆಮನೆಯ ಮಲಯಾಳದ ‘ಜನಾಲ’ ಎರಡೂ ಪೋರ್ಚುಗೀಸಿನಿಂದ ಬಂದ ಪದಗಳೆಂದು ಓದಿದೆ. ಗೋವೆಯನ್ನು ನಾಲ್ಕೂವರೆ ಶತಮಾನ ಆಳಿದವರ ಭಾಷೆ ಇಲ್ಲಿ ಕೆಲವು ಪದಗಳನ್ನಷ್ಟೇ ಬಿಟ್ಟುಹೋಗಿ, ಬ್ರೆಜಿಲ್‌ನಲ್ಲಿ ಇಡೀ ದೇಶದ ಮಾತಾದದ್ದು ಹೇಗೆ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಆಳಿದ ವರ್ಷಗಳನ್ನು ಎಣಿಸಿದರೆ ಈ ಒಗಟು ಬಿಡಿಸಲು ಬರುವುದಿಲ್ಲ, ಎಲ್ಲಿ ಎಷ್ಟು ಮಂದಿ ನೆಲೆಸಿದರು, ಅಲ್ಲಿದ್ದ ಭಾಷೆಗಳಿಗೆ ಯಾವ ಗತಿ ಬಂತು ಎಂಬುದನ್ನು ನೋಡಬೇಕು. ಗೋವೆಯಲ್ಲಿ 1510ರಿಂದ 1961ರವರೆಗೆ ಪೋರ್ಚುಗೀಸ್ ಆಡಳಿತವಿದ್ದರೂ ಅಲ್ಲಿಗೆ ಬಂದು ನೆಲೆಸಿದ ಪೋರ್ಚುಗೀಸರು ಕಡಿಮೆ. 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂಬ ಆಜ್ಞೆಯೇ ಹೊರಟಿತು. ಆದರೂ ಅಡುಗೆಮನೆಯಲ್ಲೂ ಗದ್ದೆಯಲ್ಲೂ ಕೊಂಕಣಿಯೇ ಉಳಿಯಿತು; ವಲಸೆ ಬಂದವರು ಅದನ್ನು ನಿಮ್ಮ ಮಂಜೇಶ್ವರದವರೆಗೂ ತಂದರು.

ಬ್ರೆಜಿಲ್‌ನ ಕಥೆ ಕರುಣಾಜನಕವಾದುದು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್‌ನ ಹಡಗುಗಳು ಅಲ್ಲಿ ತಂಗಿ, ಅದೇ ವರ್ಷ ಕಲ್ಲಿಕೋಟೆಗೂ ಬಂದವು. ಬಹುಕಾಲ ಬ್ರೆಜಿಲ್‌ನ ವಲಸಿಗರು ಕೂಡ ಮೂಲನಿವಾಸಿಗಳ ತುಪಿ ಭಾಷೆಯಿಂದ ರೂಪುಗೊಂಡ ಸಾಮಾನ್ಯ ಭಾಷೆಯನ್ನೇ ಅನೇಕ ಕಡೆ ಬಳಸುತ್ತಿದ್ದರು. 1690ರ ದಶಕದಲ್ಲಿ ಚಿನ್ನ ಸಿಕ್ಕಿದ ಮೇಲೆ ಪೋರ್ಚುಗಲ್ಲಿನಿಂದ ಜನ ತಂಡತಂಡವಾಗಿ ಬಂದರು. ಸಿಡುಬಿನಂತಹ ರೋಗಗಳೂ ದಾಸ್ಯವೂ ಮೂಲನಿವಾಸಿಗಳನ್ನು ಕರಗಿಸಿದವು. ಆಫ್ರಿಕದಿಂದ ಗುಲಾಮರಾಗಿ ತರಲಾದ ಸುಮಾರು 48 ಲಕ್ಷ ಮಂದಿ ಬೇರೆಬೇರೆ ನುಡಿಗಳವರಾದುದರಿಂದ, ಒಬ್ಬರೊಡನೊಬ್ಬರು ಮಾತಾಡಲು ಒಡೆಯನ ಭಾಷೆಯನ್ನೇ ಹಿಡಿಯಬೇಕಾಯಿತು. ಪೋರ್ಚುಗಲ್ಲಿನಲ್ಲಿ ಪೊಂಬಾಲ್ ಎಂಬವನು ಮಂತ್ರಿಯಾಗಿದ್ದಾಗ, 1750ರ ದಶಕದ ಕೊನೆಯಲ್ಲಿ, ಆ ಸಾಮಾನ್ಯ ಭಾಷೆಯನ್ನು ಸರ್ಕಾರವೇ ನಿಷೇಧಿಸಿತು. ಇಂದು ಬ್ರೆಜಿಲ್‌ನಲ್ಲಿ 20 ಕೋಟಿಗೂ ಹೆಚ್ಚು ಜನರಿದ್ದಾರೆ. ಪೋರ್ಚುಗಲ್ಲಿನಲ್ಲಿ ಇರುವವರು ಒಂದು ಕೋಟಿಯಷ್ಟೇ. ಈ ಸಂಖ್ಯೆಯನ್ನು ಭಾಷೆಯ ಹಿರಿಮೆಯೆಂದು ಮಾತ್ರ ಓದಲು ನನಗೆ ಮನಸ್ಸಾಗುವುದಿಲ್ಲ.

ಆಫ್ರಿಕದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಅಂಗೋಲ, ಮೊಜಾಂಬಿಕ್‌ಗಳು 1975ರಲ್ಲಿ ಸ್ವತಂತ್ರವಾದಾಗ, ಹಲವು ಭಾಷೆಗಳ ಜನರಿಗೆ ಒಂದು ಸಮಾನ ಮಾತು ಬೇಕೆಂದು ಪೋರ್ಚುಗೀಸನ್ನು ತಾವಾಗಿಯೇ ಉಳಿಸಿಕೊಂಡವು.

ನಿಮ್ಮ ಕಾಸರಗೋಡಿನ ಗುಡ್ಡಗಳ ಗೇರುಮರ ಕೂಡ ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದದ್ದು. ‘ಕಾಜು’ ಎಂಬ ಹೆಸರು ತುಪಿ ಭಾಷೆಯದು. ಮಲಯಾಳದಲ್ಲಿ ಗೇರುಬೀಜಕ್ಕೆ ‘ಪರಂಗಿಯಂಡಿ’ ಎಂಬ ಹೆಸರೂ ಇದೆ.

ಭಾರತದಲ್ಲಿ ಪೋರ್ಚುಗೀಸ್ ಪೂರ್ತಿ ಅಳಿದಿದೆಯೆಂದೂ ಹೇಳಲಾಗದು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊರ್ಲಾಯಿಯ ಕೋಟೆ 1740ರಲ್ಲಿ ಮರಾಠರ ವಶವಾಯಿತು. ಆಳುವವರು ಹೋದ ಮೇಲೂ ಅದೇ ಊರಿನ ಕ್ರೈಸ್ತ ಕುಟುಂಬಗಳು, ಮರಾಠಿಯೊಡನೆ ಬೆರೆತ ಪೋರ್ಚುಗೀಸ್ ಮೂಲದ ತಮ್ಮದೇ ಮಾತನ್ನು ಮನೆಯಲ್ಲಿ ಆಡುತ್ತಾ ಬಂದಿವೆ.