ಓಯೋ ಬೋರ್ಡ್ ಇರುವ ಲಾಡ್ಜ್‌ಗಳೆಲ್ಲ ಒಬ್ಬರದ್ದೇನಾ? ಅದರ ಓನರ್ ಯಾರು?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನ ಬಸ್ ಸ್ಟ್ಯಾಂಡ್ ಸುತ್ತ ಗಲ್ಲಿಗೊಂದು ಓಯೋ ಬೋರ್ಡ್ ನೋಡಿದಿರಿ. ಹತ್ತು ಹನ್ನೆರಡು ವರ್ಷದಲ್ಲಿ ಇಷ್ಟೊಂದು ಹೋಟೆಲ್ ಒಬ್ಬನೇ ಹೇಗೆ ಕಟ್ಟಿದ, ಓನರ್ ಯಾರು ಅಂತ ಕೇಳಿದ್ದೀರಿ.

ಕಟ್ಟಿಲ್ಲ. ನೀವು ನೋಡಿದ ಕಟ್ಟಡಗಳಲ್ಲಿ ಹೆಚ್ಚಿನವು ಮೊದಲಿಂದಲೂ ಇದ್ದವೇ. ಬೋರ್ಡ್ ಮಾತ್ರ ಹೊಸದು. ಗೋಡೆ, ಒಳಗಿನ ಮಂಚ, ತಾರಸಿ ಮೇಲಿನ ನೀರಿನ ಟ್ಯಾಂಕ್, ತಿಂಗಳ ಕರೆಂಟ್ ಬಿಲ್ ಎಲ್ಲ ಊರಿನವರ ತಲೆ ಮೇಲೆ. ಕಟ್ಟಡದ ಓನರ್ ಬೇರೆ, ಬೋರ್ಡಿನ ಓನರ್ ಬೇರೆ. ಇಬ್ಬರ ಕಥೆಯನ್ನೂ ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನನಗೆ ಹೇಗೆ ಗೊತ್ತು ಅಂದರೆ, ಧನ್ವಂತರಿ ರಸ್ತೆ ಪಕ್ಕದ ಒಂದು ಅಡ್ಡರಸ್ತೆಯಲ್ಲಿ ನಮ್ಮದೂ ಒಂದು ಲಾಡ್ಜ್ ಇದೆ. 18 ರೂಮು. ತಾತ ಕಟ್ಟಿಸಿದ್ದು, ಅಪ್ಪ ನಡೆಸಿದ್ದು, ಈಗ ಕೌಂಟರ್‌ನಲ್ಲಿ ನಾನು ಕೂರುತ್ತೇನೆ. ಅಪ್ಪನ ಕಾಲದಲ್ಲಿ ಗಿರಾಕಿ ಬರುತ್ತಿದ್ದದ್ದು ಆಟೋದಲ್ಲಿ. ರೈಲಿಂದ ಇಳಿದವರನ್ನು ಆಟೋದವರು "ರೂಮ್ ಬೇಕಾ ಸಾರ್, ಕ್ಲೀನ್ ರೂಮ್" ಅಂತ ಹತ್ತಿಸಿಕೊಂಡು ಬರುತ್ತಿದ್ದರು. ಗಿರಾಕಿ ಬಗ್ಗಿ ರಿಜಿಸ್ಟರ್‌ಗೆ ಸೈನ್ ಹಾಕುವಾಗಲೇ ಅಪ್ಪ ಡ್ರಾಯರ್ ಎಳೆದು, ಒಂದು ನೋಟು ನಾಲ್ಕು ಮಡಿಕೆ ಮಾಡಿ ಆಟೋದವನ ಕೈಗಿಡುತ್ತಿದ್ದರು. ಇಬ್ಬರ ಮುಖದಲ್ಲೂ ಏನೂ ಇಲ್ಲ, ಮಾತೂ ಇಲ್ಲ. ಆ ಆಟೋದವನ ಜಾಗಕ್ಕೆ ಬಂದದ್ದೇ ಮೊಬೈಲ್‌ನಲ್ಲಿ ರೂಮ್ ಬುಕ್ ಮಾಡುವ ಆ್ಯಪ್. ಇಷ್ಟು ಅರ್ಥ ಆದರೆ ಓಯೋ ಅರ್ಧ ಅರ್ಥ ಆದಂತೆ.

ಈಗ ಬೋರ್ಡಿನ ಓನರ್. ಹೆಸರು ರಿತೇಶ್ ಅಗರ್ವಾಲ್, 1993ರಲ್ಲಿ ಒಡಿಶಾದಲ್ಲಿ ಹುಟ್ಟಿದವರು, ರಾಯಗಡ ಕಡೆಯವರು. 2012ರಲ್ಲಿ ಒರಾವೆಲ್ ಸ್ಟೇಸ್ ಅಂತ ಒಂದು ಕಂಪನಿ ಮಾಡಿದರು. ಅದು ಸುಮ್ನೆ ರೂಮುಗಳ ಪಟ್ಟಿ ಕೊಡುವ ವೆಬ್‌ಸೈಟ್, ಅಷ್ಟೇನೂ ನಡೆಯಲಿಲ್ಲ. ಆ ಹುಡುಗ ಊರೂರು ಸುತ್ತಿ ಕಡಿಮೆ ದುಡ್ಡಿನ ಲಾಡ್ಜ್‌ಗಳಲ್ಲಿ ಉಳಿದು ನೋಡಿದ. ಜನರಿಗೆ ಪಟ್ಟಿ ಸಿಗದಿರುವುದು ಸಮಸ್ಯೆ ಅಲ್ಲ, ಪಟ್ಟಿಯಲ್ಲಿರುವ ರೂಮನ್ನು ನಂಬೋಕೆ ಆಗದಿರುವುದು ಸಮಸ್ಯೆ ಅಂತ ಹೊಳೆಯಿತು. ಅಮೆರಿಕದ ಥೀಲ್ ಫೆಲೋಶಿಪ್‌ನಿಂದ 1 ಲಕ್ಷ ಡಾಲರ್ ಸಿಕ್ಕಿತು. ಅದು ಕಾಲೇಜು ಬಿಟ್ಟು ಬಿಸಿನೆಸ್ ಮಾಡುವವರಿಗೇ ಕೊಡುವ ದುಡ್ಡು, ನಮ್ಮಲ್ಲಿ ಯಾವ ಅಪ್ಪ ಅಮ್ಮ ಒಪ್ಪುತ್ತಾರೋ! 2013ರಲ್ಲಿ ಗುರ್‌ಗಾಂವ್‌ನ ಒಂದೇ ಒಂದು ಹೋಟೆಲ್‌ನಿಂದ ಓಯೋ ಶುರುವಾಯಿತು.

ಅಲ್ಲಿಂದ ಬೆಳೆದದ್ದು ಹೇಗೆ ಅನ್ನೋದಕ್ಕೆ ನಮ್ಮ ಲಾಡ್ಜ್‌ನದ್ದೇ ಒಂದು ದಿನ ಹೇಳುತ್ತೇನೆ. ಆ ವರ್ಷಗಳಲ್ಲಿ ಇಂಥ ಕಂಪನಿಗಳು ನಾಲ್ಕೈದು ಇದ್ದವು. ನಾವು ಯಾವುದರ ಜೊತೆ ಸೇರಿದೆವು ಅಂತ ಹೇಳಲ್ಲ, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ದಾರಿ. 2017ರ ದಸರಾ ಮುಗಿದ ಮೇಲೆ ಒಬ್ಬ ಹುಡುಗ ಬಂದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಟೇಪು. ಹಾಸಿಗೆ ಒತ್ತಿ ನೋಡಿದ. ಪ್ಲಗ್ ಪಾಯಿಂಟ್ ಎಣಿಸಿದ. ಗೀಸರ್ ಹಾಕಿ ಬಿಸಿನೀರು ಬರೋಕೆ ಎಷ್ಟು ನಿಮಿಷ ಅಂತ ಮೊಬೈಲ್ ಹಿಡಿದು ನಿಂತ. ಟಿವಿ ಮೇಲಿನ ಪ್ಲಾಸ್ಟಿಕ್ ಹೂವು ತೆಗೆಸಿದ. ನಮ್ಮ ಚೌಕುಳಿ ಬೆಡ್‌ಶೀಟ್‌ಗಳನ್ನೆಲ್ಲ ಬದಲಾಯಿಸಬೇಕು, ಬಿಳಿಯದ್ದೇ ಹಾಕಬೇಕು ಅಂದ.

ಅಪ್ಪನಿಗೆ ತಡೆಯಲಾಗಲಿಲ್ಲ. "ತಲೆಗೆ ಎಣ್ಣೆ ಹಚ್ಕೊಂಡು ಬರ್ತಾರೆ ಜನ, ಬಿಳಿ ಹಾಕಿದ್ರೆ ಎರಡು ದಿನಕ್ಕೆ ಕೊಳೆ ಕಾಣುತ್ತಲ್ಲಪ್ಪ?"

"ಕಾಣ್ಲಿ ಅಂತಾನೇ ಬಿಳಿ ಸರ್. ಕೊಳೆ ಇಲ್ಲ ಅಂತ ಗಿರಾಕಿಗೆ ಕಾಣ್ಬೇಕಲ್ವಾ?"

ಅಪ್ಪ ಮುಂದೆ ಮಾತಾಡಲಿಲ್ಲ. ಮೂವತ್ತು ವರ್ಷ ಲಾಡ್ಜ್ ನಡೆಸಿದವರಿಗೆ ಅದು ಹೊಳೆದಿರಲಿಲ್ಲ. ಚೌಕುಳಿ ಬೆಡ್‌ಶೀಟ್ ಆರಿಸಿದ್ದೇ ಕಲೆ ಕಾಣದಿರಲಿ ಅಂತ. ಈ ಕಂಪನಿಗಳಿಗೆ ಸಲ್ಲಬೇಕಾದ ಮೆಚ್ಚುಗೆ ಇಲ್ಲಿ ಸಲ್ಲಲೇಬೇಕು.

ರೇಟ್ ಮಾತ್ರ ಅವರೇ ಇಡುತ್ತಿದ್ದರು. ನಮ್ಮ ಡಬಲ್ ರೂಮಿಗೆ 999. 1,000ಕ್ಕಿಂತ ಕೆಳಗಿನ ರೂಮಿಗೆ ಆಗ ಜಿಎಸ್‌ಟಿ ಇರಲಿಲ್ಲ. 2022ರ ಜುಲೈನಲ್ಲಿ ಆ ವಿನಾಯಿತಿ ಹೋಗಿ 12 ಪರ್ಸೆಂಟ್ ಬಂತು, 2025ರ ಸೆಪ್ಟೆಂಬರ್‌ವರೆಗೆ ಅಷ್ಟೇ ಇತ್ತು. ನಮ್ಮ ಒಪ್ಪಂದದಲ್ಲಿ ನೂರಕ್ಕೆ 22 ಅವರ ಕಮಿಷನ್. ಮೊದಲ ಆರು ತಿಂಗಳು ವಾರದ ಮಧ್ಯದಲ್ಲೂ ರೂಮ್ ತುಂಬಿದವು. ಆಮೇಲೆ ತಿಂಗಳ ಲೆಕ್ಕದ ಹಾಳೆಯಲ್ಲಿ ಕಮಿಷನ್ ಜೊತೆ ಬೇರೆ ಬೇರೆ ಹೆಸರಿನ ಕಡಿತ ಬರತೊಡಗಿತು. ಗಿರಾಕಿ ದೂರು ಕೊಟ್ಟರೆ ಒಂದು, ಆಫರ್‌ನಲ್ಲಿ ನಮ್ಮ ಪಾಲು ಅಂತ ಇನ್ನೊಂದು. ಆಟೋದವನಾದರೆ ಎದುರಿಗೆ ನಿಂತಿರುತ್ತಿದ್ದ, ಜಗಳ ಆಡಬಹುದಿತ್ತು. ಇಲ್ಲಿ ಫೋನ್ ಮಾಡಿದರೆ "ಟಿಕೆಟ್ ರೈಸ್ ಮಾಡಿ" ಅನ್ನೋರು. ಎರಡು ವರ್ಷಕ್ಕೆ ಬೋರ್ಡ್ ಇಳಿಸಿದೆವು.

ನಮ್ಮ ಕಥೆ ಸಾಕು, ಓಯೋಗೆ ಬರೋಣ. ಕಟ್ಟಡ ಕಟ್ಟಬೇಕಿಲ್ಲ, ಸೈಟ್ ಕೊಳ್ಳಬೇಕಿಲ್ಲ, ಬೋರ್ಡ್ ನೇತುಹಾಕುತ್ತ ಹೋದರೆ ಸಾಕು ಅಂದಮೇಲೆ ಎಷ್ಟು ಬೇಗ ಬೆಳೆಯಬಹುದು ನೋಡಿ. ಆದರೆ ಗಿರಾಕಿಗೆ ಡಿಸ್ಕೌಂಟ್, ಹೋಟೆಲ್‌ನವರಿಗೆ ಗ್ಯಾರಂಟಿ, ಇದಕ್ಕೆಲ್ಲ ಯಾರೋ ದುಡ್ಡು ಸುರಿಯಬೇಕು. ಹಾಗೆ ಸುರಿದವರು ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್. 2015ರಲ್ಲಿ ಅದರ ನೇತೃತ್ವದಲ್ಲಿ 10 ಕೋಟಿ ಡಾಲರ್ ಬಂತು. 2018ರಲ್ಲಿ ಸಾಫ್ಟ್‌ಬ್ಯಾಂಕ್‌ನ ವಿಷನ್ ಫಂಡ್ ಮುಂದೆ ನಿಂತು 100 ಕೋಟಿ ಡಾಲರ್‌ನ ಹೂಡಿಕೆ ಸುತ್ತು ಆಯಿತು. ಮೊದಲು ಒಂದು ಲಾಡ್ಜ್‌ನಲ್ಲಿ ನಾಲ್ಕೈದು ರೂಮು ಮಾತ್ರ ತೆಗೆದುಕೊಳ್ಳುತ್ತಿದ್ದ ಓಯೋದವರು ಆಮೇಲೆ ಇಡೀ ಹೋಟೆಲನ್ನೇ ಬೋರ್ಡಿನಡಿಗೆ ತಂದರು. ಎಷ್ಟೋ ಮಾಲೀಕರಿಗೆ ತಿಂಗಳಿಗೆ ಇಂತಿಷ್ಟು ಅಂತ ಮಿನಿಮಮ್ ಗ್ಯಾರಂಟಿ ಕೊಟ್ಟರು. ರೂಮ್ ತುಂಬಲಿ ಬಿಡಲಿ, ದುಡ್ಡು ಬರುತ್ತದೆ ಅಂದರೆ ಯಾರು ಬೇಡ ಅಂತಾರೆ? ಚೀನಾ, ಯುರೋಪ್, ಅಮೆರಿಕಕ್ಕೂ ಹೋದರು. ಲಾಸ್ ವೇಗಸ್‌ನಲ್ಲಿ ಒಂದು ಕ್ಯಾಸಿನೋ ಹೋಟೆಲ್‌ಗೂ ಕೈ ಹಾಕಿದರು.

ಪಾಲುದಾರಿಕೆಯ ವಿಷಯ 2019ರಲ್ಲಿ ನಿಜವಾಗಿ ತಿರುಗುತ್ತದೆ. ಸಾಮಾನ್ಯವಾಗಿ ಹೀಗೆ ಹೊರಗಿನ ದುಡ್ಡು ಬಂದ ಹಾಗೆಲ್ಲ ಶುರು ಮಾಡಿದವನ ಪಾಲು ಕರಗುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ, ಲೀಟರ್ ಜಾಸ್ತಿ ಆಗುತ್ತದೆ, ಗಟ್ಟಿ ಕಡಿಮೆ. ಅಗರ್ವಾಲ್ ಉಲ್ಟಾ ಮಾಡಿದರು. ಕೇಮನ್ ದ್ವೀಪದಲ್ಲಿ ನೋಂದಾಯಿಸಿದ ತಮ್ಮ ಆರ್‌ಎ ಹಾಸ್ಪಿಟಾಲಿಟಿ ಹೋಲ್ಡಿಂಗ್ಸ್ ಕಂಪನಿಯ ಮೂಲಕ ಸುಮಾರು 200 ಕೋಟಿ ಡಾಲರ್‌ನ ಷೇರು ತೆಗೆದುಕೊಳ್ಳುವ ಯೋಜನೆ ಹಾಕಿದರು. ಮೊದಲು ದುಡ್ಡು ಹಾಕಿದ್ದ ಸಿಕೋಯಾ, ಲೈಟ್‌ಸ್ಪೀಡ್ ಕಂಪನಿಗಳಿಂದಲೂ ಷೇರು ಕೊಂಡರು. 25 ವರ್ಷದ ಹುಡುಗನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸಾಲ. ಜಪಾನಿನ ಬ್ಯಾಂಕ್‌ಗಳು ಕೊಟ್ಟವು, ಸಾಫ್ಟ್‌ಬ್ಯಾಂಕ್‌ನ ಮುಖ್ಯಸ್ಥ ಮಸಯೋಶಿ ಸನ್ ಸ್ವಂತ ಜಾಮೀನು ನಿಂತರು ಅಂತ ಪತ್ರಿಕೆಗಳಲ್ಲಿ ಬಂತು. ಕಂಪನಿಗೆ ದುಡ್ಡು ಹಾಕಿದವರೇ, ಹುಡುಗ ಓನರ್ ಆಗೋಕೆ ತೆಗೆದ ಸಾಲಕ್ಕೂ ಜಾಮೀನು! ಆ ಲೆಕ್ಕದಲ್ಲಿ ಕಂಪನಿಯ ಬೆಲೆ 1,000 ಕೋಟಿ ಡಾಲರ್ ಅಂತ ನಿಂತಿತು. ನಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಒಂದು ಗೋಡೆನೂ ಇಲ್ದೆ?"

ಆಮೇಲೆ ಕೊರೊನಾ. 2020ರ ಮಾರ್ಚ್‌ನಲ್ಲಿ ದೇಶದ ಲಾಡ್ಜ್‌ಗಳೆಲ್ಲ ಬಾಗಿಲು ಹಾಕಿದವು. ಮಿನಿಮಮ್ ಗ್ಯಾರಂಟಿ ಕೊಡುವುದನ್ನು ಓಯೋ ನಿಲ್ಲಿಸಿತು. ಅದಕ್ಕೆ ಮುಂಚೆಯೇ ಹಲವು ಊರುಗಳಲ್ಲಿ ಹೋಟೆಲ್ ಮಾಲೀಕರು ಲೆಕ್ಕದ ವಿಷಯಕ್ಕೆ ಬೀದಿಗಿಳಿದಿದ್ದರು. 2019-20ರ ಹಣಕಾಸು ವರ್ಷದಲ್ಲಿ ಓಯೋ ನಷ್ಟ 13,000 ಕೋಟಿ ರೂಪಾಯಿಗೂ ಜಾಸ್ತಿ. ಇದು ಕಂಪನಿ ತಾನೇ ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಗೆ ಕೊಟ್ಟ ದಾಖಲೆಯಲ್ಲಿ ಇರುವ ಅಂಕಿ.

ಆ ದಾಖಲೆ 2021ರ ಅಕ್ಟೋಬರ್‌ನದ್ದು, 8,430 ಕೋಟಿ ರೂಪಾಯಿಯ ಐಪಿಒಗೆ, ಅಂದರೆ ಜನರಿಗೆ ಷೇರು ಮಾರೋಕೆ, ಹಾಕಿದ ಅರ್ಜಿ. "ಓನರ್ ಯಾರು" ಅನ್ನೋ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದರಲ್ಲೇ ಇತ್ತು. ಸಾಫ್ಟ್‌ಬ್ಯಾಂಕ್ ಹತ್ತಿರ ಶೇ. 46ಕ್ಕೂ ಹೆಚ್ಚು. ಅಗರ್ವಾಲ್ ಮತ್ತು ಅವರ ಹೋಲ್ಡಿಂಗ್ ಕಂಪನಿ ಸೇರಿ ಸುಮಾರು ಶೇ. 33. ಉಳಿದದ್ದು ಬೇರೆ ಬೇರೆ ಹೂಡಿಕೆದಾರರದ್ದು. ಅಂದರೆ ಆಗ ದೊಡ್ಡ ಪಾಲು ಟೋಕಿಯೋದಲ್ಲಿ, ಓಡಿಸುವ ಕೈ ಗುರ್‌ಗಾಂವ್‌ನಲ್ಲಿ. ಮಧ್ಯೆ ಹಾಸ್ಟೆಲ್ ಸರಣಿ ನಡೆಸುವ ಜೋಸ್ಟೆಲ್‌ನವರು ತಮಗೂ 7 ಪರ್ಸೆಂಟ್ ಬರಬೇಕು ಅಂತ ಕೇಸು ಹಾಕಿದ್ದರು. ಓಯೋದಂಥದ್ದೇ ಆಗಿದ್ದ ಅವರ ಜೋ ರೂಮ್ಸ್ ಅನ್ನು ಓಯೋ ಕೊಳ್ಳುವ ಮಾತಾಗಿ ಮುರಿದುಬಿದ್ದ ಹಳೇ ಜಗಳ ಅದು. ಮಧ್ಯಸ್ಥಗಾರರ ತೀರ್ಪು ಅವರ ಕಡೆ ಬಂದಿತ್ತು, 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಆ ಐಪಿಒ ಆಗಲಿಲ್ಲ. ಎರಡನೇ ಸಲ ಹಾಕಿದ ಅರ್ಜಿಯನ್ನೂ 2024ರಲ್ಲಿ ವಾಪಸ್ ತೆಗೆದುಕೊಂಡರು. ಅದೇ ವರ್ಷ ಹೊಸ ದುಡ್ಡು ಎತ್ತಿದಾಗ ಕಂಪನಿಯ ಬೆಲೆ 1,000 ಕೋಟಿಯಿಂದ 240 ಕೋಟಿ ಡಾಲರ್‌ಗೆ ಇಳಿದಿತ್ತು. ತಮಾಷೆ ಅಂದರೆ, ಬೆಲೆ ಬಿದ್ದ ಹೊತ್ತಿಗೇ ಲಾಭ ಶುರುವಾದದ್ದು. 2023-24ರಲ್ಲಿ 229 ಕೋಟಿ ರೂಪಾಯಿ ಲಾಭ ತೋರಿಸಿದರು. ಆ ಲಾಭದ ಬೆನ್ನಿಗೇ ಬ್ಲಾಕ್‌ಸ್ಟೋನ್ ಅನ್ನೋ ಹೂಡಿಕೆ ಕಂಪನಿಯಿಂದ ಅಮೆರಿಕದ ಹೋಟೆಲ್ ಸರಣಿ ಮೋಟೆಲ್ 6 ಅನ್ನು 52.5 ಕೋಟಿ ಡಾಲರ್‌ಗೆ ಕೊಂಡರು. 1962ರಲ್ಲಿ ರಾತ್ರಿಗೆ 6 ಡಾಲರ್ ಅಂತ ಶುರುವಾದ ಹಳೇ ಹೆಸರು. ಅಲ್ಲೂ ಕೊಂಡದ್ದು ಹೆಸರು, ಫ್ರಾಂಚೈಸಿ ವ್ಯವಹಾರ. 2025ರ ಸೆಪ್ಟೆಂಬರ್‌ನಲ್ಲಿ ಮೂಲ ಕಂಪನಿಗೆ ಪ್ರಿಸಂ ಅಂತ ಹೊಸ ಹೆಸರಿಟ್ಟರು. ಬೋರ್ಡ್ ಮೇಲೆ ಮಾತ್ರ ಓಯೋ ಹಾಗೇ ಇದೆ.

ಎಲ್ಲ ಸರಣಿ ಹೋಟೆಲ್‌ಗಳೂ ಹೀಗೇ ಅಂತ ತಿಳ್ಕೋಬೇಡಿ. ಮೈಸೂರಲ್ಲೇ ನೋಡಿ, ಜೆಎಲ್‌ಬಿ ರಸ್ತೆಯ ಮಯೂರ ಹೊಯ್ಸಳ ಸರ್ಕಾರದ್ದು, ಅಂದರೆ ರಾಜ್ಯ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿಯದ್ದು. ನಜರ್‌ಬಾದ್ ಕಡೆಯ ಜಿಂಜರ್ ಟಾಟಾದವರ ಇಂಡಿಯನ್ ಹೋಟೆಲ್ಸ್ ಬಳಗದ್ದು. ಜಿಂಜರ್‌ನ ಮೊದಲ ಹೋಟೆಲ್ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇಂಡಿವನ್ ಅನ್ನೋ ಹೆಸರಲ್ಲಿ ಆಯಿತು. ಜಿಂಜರ್‌ನಲ್ಲಿ ಕೌಂಟರ್ ಹಿಂದೆ ನಿಂತವರು ಕಂಪನಿಯ ನೌಕರರು. ಓಯೋ ಬೋರ್ಡ್ ಇರುವ ಲಾಡ್ಜ್‌ನಲ್ಲಿ ಹಾಗೆ ನಿಂತವರು ಬಹುಪಾಲು ನನ್ನಂಥ ಯಾರೋ, ಇಲ್ಲಾ ನನ್ನಂಥವರ ಹತ್ತಿರ ಸಂಬಳಕ್ಕೆ ಇರುವ ಹುಡುಗ. ಗೀಸರ್ ಕೆಟ್ಟಿದೆ ಅಂತ ಅವನ ಮೇಲೆ ಕೂಗಾಡಿ "ನಿಮ್ಮ ಕಂಪನಿಗೆ ಬರೀತೀನಿ" ಅಂದರೆ ಅವನಿಗೆ ಏನು ಹೇಳಬೇಕು ಅಂತ ತಿಳಿಯಲ್ಲ, ಪಾಪ.

ಒಂದು ಲಾಡ್ಜ್ ನಿಜವಾಗಿ ಯಾರದ್ದು ಅಂತ ತಿಳಿಯಬೇಕಾದರೆ ಬೋರ್ಡ್ ನೋಡಬೇಡಿ. ಕೌಂಟರ್ ಹಿಂದಿನ ಗೋಡೆಯಲ್ಲಿ, ಸಾಮಾನ್ಯವಾಗಿ ಚಾಮುಂಡೇಶ್ವರಿ ಫೋಟೋ ಪಕ್ಕದಲ್ಲೇ, ಕಟ್ಟು ಹಾಕಿಸಿದ ಟ್ರೇಡ್ ಲೈಸೆನ್ಸ್ ಇರುತ್ತದೆ. ಅದರಲ್ಲಿ ಹೆಸರಿರುತ್ತದೆ. ನಮ್ಮಲ್ಲಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ನನ್ನ ಹೆಸರಿಗೆ ಮಾಡಿಸಬೇಕು, ಎರಡು ವರ್ಷದಿಂದ ಹೇಳ್ತಾನೇ ಇದ್ದಾರೆ. ಬಿಳಿ ಬೆಡ್‌ಶೀಟ್ ಮಾತ್ರ ಬಿಟ್ಟಿಲ್ಲ.